ಅರ್ಧಕ್ಕೆ ಬಿಟ್ಟ ಕಾದಂಬರಿಗೆ ಮರಳುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಹತ್ತು ಹದಿನೈದು ವರ್ಷದ ಹಿಂದೆ ಶುರು ಮಾಡಿದ ಕಾದಂಬರಿ. ನೂರೋ ಇನ್ನೂರೋ ಪುಟ ಆಗಿತ್ತು. ಆಮೇಲೆ ಕೆಲಸ, ಮದುವೆ, ಮಕ್ಕಳು, ಊರಿಂದ ಊರಿಗೆ ವರ್ಗ. ಬರೆದದ್ದು ಯಾವುದೋ ಟ್ರಂಕಿನಲ್ಲಿ, ಯಾವುದೋ ಸಿಡಿಯಲ್ಲಿ ಉಳಿಯಿತು. ಆದರೆ ಪಾತ್ರಗಳ ಹೆಸರು ಇನ್ನೂ ಮರೆತಿಲ್ಲ. ಬಸ್ಸಲ್ಲಿ ಕೂತಾಗ ಆ ಮನೆಯ ಹಜಾರ ಸುಮ್ನೆ ಕಣ್ಣ ಮುಂದೆ ಬಂದು ಹೋಗುತ್ತದೆ. ಹಾಗೆ ಬರುತ್ತಿದ್ದರೆ ಕಥೆಗೆ ಇನ್ನೂ ಜೀವ ಇದೆ ಎಂದೇ ತಿಳಿಯಿರಿ. ಈ ಬರಹ ನಿಮಗಾಗಿ.

ಇಂಥ ಕಥೆಗೆ ಮರಳುವವರಲ್ಲಿ ಹೆಚ್ಚಿನವರು ಕೊನೆಯ ಪುಟ ತೆಗೆದು, ಅದರ ಕೆಳಗೆ ಬರೆಯಲು ಕೂರುತ್ತಾರೆ. ನಾಲ್ಕೈದು ಪುಟ ಸಾಗುತ್ತದೆ. ಮತ್ತೆ ನಿಲ್ಲುತ್ತದೆ. 'ನನ್ನ ಕೈಯಲ್ಲಿ ಆಗಲ್ಲ' ಎಂದು ಈ ಸಲ ಪೂರ್ತಿ ಕೈಬಿಡುತ್ತಾರೆ. ಆಗುವುದೇನು ಅಂದರೆ, ಕಥೆ ಕೆಟ್ಟಿರುವುದು ಕೊನೆಯ ಪುಟಕ್ಕಿಂತ ಎಷ್ಟೋ ಹಿಂದೆ. ಅಲ್ಲಿ ತಪ್ಪಿದ ದಾರಿಯಲ್ಲೇ ಇನ್ನೊಂದಷ್ಟು ದೂರ ನಡೆದು, ಸುಸ್ತಾಗಿ ನಿಂತಿರುತ್ತೇವೆ. ಆ ಜಾಗ ಹುಡುಕುವುದೇ ಇಲ್ಲಿ ದೊಡ್ಡ ಕೆಲಸ. ಉಳಿದದ್ದೆಲ್ಲ ಅದರ ಸುತ್ತಲಿನದು.

ಮಾತಿಗೆ ಒಂದು ಕಲ್ಪಿತ ಕಾದಂಬರಿ ಇಟ್ಟುಕೊಳ್ಳೋಣ. 2005ರಲ್ಲಿ ಶುರುವಾದದ್ದು. ತಿಪಟೂರು. ಗಂಡ ತೀರಿಹೋದ ಮೇಲೆ ಕೊಬ್ಬರಿ ಮಂಡಿಯನ್ನೂ ತೋಟವನ್ನೂ ನಡೆಸುವ ಸರೋಜಮ್ಮ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ತೋಟ ಮಾರಲು ಒತ್ತಾಯ ಮಾಡುತ್ತಿದ್ದಾನೆ. ಹದಿನಾಲ್ಕನೇ ಅಧ್ಯಾಯಕ್ಕೆ ಬರವಣಿಗೆ ನಿಂತಿದೆ.

1. ಇರುವುದನ್ನೆಲ್ಲ ಒಂದು ಕಡೆ ತನ್ನಿ

ನೋಟ್ ಪುಸ್ತಕ, ಬಿಡಿ ಹಾಳೆ, ಡೈರಿ, ಹಳೆಯ ಕಂಪ್ಯೂಟರಿನ ಫೈಲ್, ಗೆಳೆಯರಿಗೆ ಮೇಲ್ ಮಾಡಿದ ಅಧ್ಯಾಯ. ಎಲ್ಲ ಬೇಕು. ಎರಡು ಪ್ರತಿ ಸಿಕ್ಕರೆ ಯಾವುದು ಚೆನ್ನಾಗಿದೆ ಎಂದು ಈಗಲೇ ತೀರ್ಮಾನಿಸಬೇಡಿ. ದಿನಾಂಕ ಗೊತ್ತಿದ್ದರೆ ಬರೆದಿಡಿ, ಅಷ್ಟೇ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೇ ಮೊದಲ ತೊಡಕು. ಆ ಕಾಲದಲ್ಲಿ ನುಡಿ, ಬರಹ, ಶ್ರೀಲಿಪಿ ಇಂಥ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದು ಜಾಸ್ತಿ. ಅವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ತಲೆಯ ಮೇಲೆ ಗೆರೆ ಇರುವ ಇಂಗ್ಲಿಷ್ ಅಕ್ಷರಗಳು, ನಡುವೆ ಪೌಂಡ್ ಚಿಹ್ನೆ, ಏನೂ ಅರ್ಥವಾಗುವುದಿಲ್ಲ. ಫೈಲ್ ಹಾಳಾಗಿದೆ ಎಂದು ಅಳಿಸಿಬಿಡಬೇಡಿ. ನಿಮ್ಮ ಬರಹ ಅಲ್ಲೇ ಇದೆ. ಅದನ್ನು ಈಗ ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಯಾವ ಫಾಂಟಿನಲ್ಲಿ ಬರೆದದ್ದು ಎಂದು ಮೊದಲು ತಿಳಿದುಕೊಳ್ಳಿ. ಫಾಂಟ್ ಬೇರೆಯಾದರೆ ಅದರ ಸಂಕೇತವೂ ಬೇರೆ ಇರಬಹುದು. ನುಡಿಯ ಪರಿವರ್ತಕಕ್ಕೆ ಶ್ರೀಲಿಪಿಯ ಫೈಲ್ ಹಾಕಿದರೆ ಬರುವುದು ಕಸ.

ಬದಲಿಸಿದ ಮೇಲೆ ಎರಡು ಕಡೆ ಕಣ್ಣಿಡಿ. ಒಂದು, ಅರ್ಕಾವತ್ತು. ಹಳೆಯ ಫಾಂಟುಗಳಲ್ಲಿ ಅದನ್ನು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಕ್ಷರದ ಆಮೇಲೆ ಇಡುತ್ತಿದ್ದರು. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಹಾಗಾಗಿ 'ಸೂರ್ಯ', 'ಧರ್ಮ' ಇಂಥ ಪದಗಳು ಕೆಲವೊಮ್ಮೆ ಕೆಡುತ್ತವೆ. ಇನ್ನೊಂದು, ಸೊನ್ನೆ. ಕನ್ನಡದ ಅಂಕಿ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ. ಅನುಸ್ವಾರದ ಜಾಗದಲ್ಲಿ ಅಂಕಿ ಕೂತಿದ್ದರೆ ಓದುವಾಗ ಗೊತ್ತಾಗುವುದಿಲ್ಲ, ಆದರೆ 'ಮಂಡಿ' ಎಂದು ಹುಡುಕಿದರೆ ಆ ಪದ ಸಿಗುವುದೇ ಇಲ್ಲ. ಮೂಲ ಫೈಲನ್ನು ಯಾವ ಕಾರಣಕ್ಕೂ ತಿದ್ದಬೇಡಿ. ಅದರ ನಕಲಿನ ಮೇಲೆ ಮಾತ್ರ ಕೆಲಸ ಮಾಡಿ.

ಕೈಬರಹ ಇದ್ದರೆ ಮೊದಲು ಪ್ರತಿ ಪುಟದ ಫೋಟೊ ತೆಗೆದಿಡಿ. ಆಮೇಲೆ ಮೊಬೈಲಿಗೆ ಜೋರಾಗಿ ಓದಿ ಹೇಳಿ. ಕನ್ನಡದ ಧ್ವನಿ ಟೈಪಿಂಗ್ ಈಗ ಸಾಕಷ್ಟು ಚೆನ್ನಾಗಿದೆ. ಸಂಭಾಷಣೆಯ ಆಡುಮಾತನ್ನು ಅದು ಸರಿಯಾಗಿ ಹಿಡಿಯುವುದಿಲ್ಲ, ಅದನ್ನು ಕೈಯಲ್ಲೇ ತಿದ್ದಬೇಕು. ಆದರೂ ನನಗೆ ಈ ದಾರಿ ಇಷ್ಟ. ನಿಮ್ಮದೇ ವಾಕ್ಯ ನಿಮ್ಮದೇ ಬಾಯಲ್ಲಿ ಬಂದಾಗ ಎಲ್ಲಿ ತೊದಲುತ್ತದೆ ಎಂದು ತಾನಾಗಿ ಗೊತ್ತಾಗುತ್ತದೆ.

2. ಪೆನ್ನು ಇಲ್ಲದೆ ಓದಿ

ಪ್ರಿಂಟ್ ತೆಗೆಸಿ. ಎರಡು ಮೂರು ಸಲ ಕೂತು ಓದಿ ಮುಗಿಸಿ. ಕೈಯಲ್ಲಿ ಪೆನ್ನು ಬೇಡ. ಪೆನ್ನು ಇದ್ದರೆ ಮೊದಲ ಪುಟದ ಅಲ್ಪವಿರಾಮ ತಿದ್ದುತ್ತ ಒಂದು ವಾರ ಕಳೆಯುತ್ತದೆ.

ಓದುವಾಗ ಕೆಲವು ಪುಟಗಳಲ್ಲಿ ನಾಚಿಕೆ ಆಗುತ್ತದೆ. ಕೆಲವು ಪುಟಗಳಲ್ಲಿ 'ಇದನ್ನು ನಾನೇ ಬರೆದದ್ದಾ' ಅನ್ನಿಸುತ್ತದೆ. ಎರಡೂ ಬರಲಿ. ಓದಿ ಮುಗಿದ ದಿನ ಏನೂ ಬರೆಯಬೇಡಿ. ಎರಡು ದಿನ ಬಿಟ್ಟು, ಹಸ್ತಪ್ರತಿ ನೋಡದೆ, ನೆನಪಿನಲ್ಲಿ ಉಳಿದದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಸರೋಜಮ್ಮನ ಕಾದಂಬರಿಯಲ್ಲಿ ಉಳಿದದ್ದು ಬಹುಶಃ ಹೀಗಿರುತ್ತದೆ: ಅವಳು ಅಟ್ಟದ ಮೇಲೆ ಕೂತು ಕಾಯಿ ಅಲ್ಲಾಡಿಸಿ, ಒಳಗಿನ ಗಿಟುಕು ಸದ್ದು ಮಾಡುತ್ತದಾ ಎಂದು ಕಿವಿಗೊಟ್ಟು ಕೇಳುವ ಪುಟ. ಹರಾಜಿನ ದಿನ ದಲ್ಲಾಳಿ ಅವಳನ್ನು ಮಾತಾಡಿಸದೆ ಪಕ್ಕದ ಹುಡುಗನನ್ನು ಮಾತಾಡಿಸುವುದು. ಮಗನ ಆಫೀಸಿನ ಬಗ್ಗೆ ಬರೆದ ಮೂರು ಅಧ್ಯಾಯದಲ್ಲಿ ಒಂದು ಸಾಲೂ ನೆನಪಿಲ್ಲ.

ಆ ಹಾಳೆಯನ್ನು ಜೋಪಾನವಾಗಿಡಿ. ಕಥೆಯಲ್ಲಿ ಜೀವ ಎಲ್ಲಿದೆ ಎಂಬುದಕ್ಕೆ ನಿಮ್ಮ ಬಳಿ ಇರುವ ಒಳ್ಳೆಯ ಪುರಾವೆ ಅದೇ.

3. ಕಥೆ ನಿಂತ ಜಾಗ ಹುಡುಕಿ

ಈ ಹಂತಕ್ಕೆ ಆತುರ ಬೇಡ. ಪ್ರತಿ ಅಧ್ಯಾಯಕ್ಕೂ ಒಂದು ಸಣ್ಣ ಚೀಟಿ ಮಾಡಿ. ಅದರಲ್ಲಿ ಎರಡೇ ಸಂಗತಿ ಬರೆಯಿರಿ: ಈ ಅಧ್ಯಾಯದಲ್ಲಿ ಯಾರಿಗೆ ಏನು ಬೇಕಾಗಿತ್ತು, ಮುಗಿಯುವಷ್ಟರಲ್ಲಿ ಏನು ಬದಲಾಯಿತು. ಚೀಟಿಗಳನ್ನು ನೆಲದ ಮೇಲೆ ಸಾಲಾಗಿ ಹರಡಿ. 'ಏನೂ ಬದಲಾಗಲಿಲ್ಲ' ಎಂದು ಎರಡು ಚೀಟಿ ಒಂದರ ಹಿಂದೊಂದು ಬಂದರೆ, ಅವೆರಡಕ್ಕೂ ಹಿಂದಿನ ಅಧ್ಯಾಯಕ್ಕೆ ಹೋಗಿ. ತೊಡಕು ಹೆಚ್ಚಾಗಿ ಅಲ್ಲಿರುತ್ತದೆ.

ಏನು ತೊಡಕು? ಹಲವು ಬಗೆ.

ತುಂಬಾ ಸಲ ಕಾಣುವುದು ಇದು: ಪಾತ್ರ ತನ್ನದಲ್ಲದ ಒಂದು ತೀರ್ಮಾನ ತೆಗೆದುಕೊಂಡಿರುತ್ತದೆ. ನಮ್ಮ ಉದಾಹರಣೆಯಲ್ಲಿ ಹನ್ನೊಂದನೇ ಅಧ್ಯಾಯದ ಕೊನೆಗೆ ಸರೋಜಮ್ಮ ತೋಟ ಮಾರಲು ಒಪ್ಪುತ್ತಾಳೆ. ಯಾಕೆ? ಬರೆಯುವವರಿಗೆ ಅವಳನ್ನು ಬೆಂಗಳೂರಿಗೆ ಕರೆತರಬೇಕಾಗಿತ್ತು, ಅದಕ್ಕೆ. ಹತ್ತು ಅಧ್ಯಾಯ ನಾವು ನೋಡಿದ ಹೆಂಗಸು ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಇದರ ಗುರುತು ಮುಂದಿನ ಪುಟಗಳಲ್ಲೇ ಸಿಗುತ್ತದೆ. ಪಾತ್ರದ ಮಾತು ಕಡಿಮೆಯಾಗುತ್ತದೆ, ನಿರೂಪಕರ ವಿವರಣೆ ಜಾಸ್ತಿಯಾಗುತ್ತದೆ. 'ಅವಳಿಗೆ ಅನ್ನಿಸಿತು', 'ಅವಳು ಯೋಚಿಸಿದಳು' ಎಂದು ಪ್ಯಾರಾಗಟ್ಟಲೆ ಸಮರ್ಥನೆ ಬರುತ್ತದೆ. ಎಲ್ಲಿಂದಲೋ ಒಂದು ಹೊಸ ಪಾತ್ರ ಬಂದು ಕಥೆಯನ್ನು ತಳ್ಳಲು ನೋಡುತ್ತದೆ.

ಇನ್ನೊಂದು ಬಗೆ, ಕಥೆಯ ದೊಡ್ಡ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿಬಿಟ್ಟಿರುವುದು. ಗಂಡ ಬಿಟ್ಟುಹೋದ ಸಾಲ ತೀರುತ್ತದಾ ಎಂಬುದೇ ಓದಿಸುತ್ತಿದ್ದ ಪ್ರಶ್ನೆ ಅಂದುಕೊಳ್ಳಿ. ಒಂಬತ್ತನೇ ಅಧ್ಯಾಯದಲ್ಲಿ ಕೊಬ್ಬರಿಗೆ ಒಳ್ಳೆ ಧಾರಣೆ ಬಂದು ಸಾಲ ತೀರಿತು. ಮುಂದೆ ಓದುವವರಿಗೂ ಕುತೂಹಲ ಇಲ್ಲ, ಬರೆಯುವವರಿಗೂ ಇಲ್ಲ. ಇದು ಸುಲಭದ ತೊಡಕು. ಆ ಪ್ರಸಂಗವನ್ನು ಮುಂದಕ್ಕೆ ತಳ್ಳಬಹುದು, ಇಲ್ಲವೇ ಸಾಲ ತೀರಿದ್ದರಿಂದಲೇ ಹೊಸ ಸಂಕಟ ಹುಟ್ಟುವಂತೆ ಮಾಡಬಹುದು.

ಮೂರನೆಯದರಲ್ಲಿ ಕಥೆಯ ತಪ್ಪು ಏನೂ ಇಲ್ಲ. ಬರೆಯುವವರಿಗೆ ಆಗ ಅಷ್ಟು ಗೊತ್ತಿರಲಿಲ್ಲ, ಅಷ್ಟೇ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಹಕಲ್‌ಬೆರಿ ಫಿನ್‌ನ ಕಥೆ ಶುರು ಮಾಡಿದ್ದು 1876ರಲ್ಲಿ. ಅರ್ಧಕ್ಕೆ ನಿಂತಿತು. ನಡುವೆ ತೆಗೆದರು, ಮತ್ತೆ ಬಿಟ್ಟರು. ಮುಗಿದದ್ದು 1883ರಲ್ಲಿ. ತೊಟ್ಟಿ ಬರಿದಾದಾಗ ಕಥೆ ನಿಲ್ಲುತ್ತದೆ, ಬಿಟ್ಟರೆ ತಾನಾಗಿ ತುಂಬಿಕೊಳ್ಳುತ್ತದೆ ಎಂಬ ಅರ್ಥದ ಮಾತನ್ನು ತಮ್ಮ ಪುಸ್ತಕಗಳ ಬಗ್ಗೆ ಅವರೇ ಹೇಳಿಕೊಂಡಿದ್ದಾರೆ. ಇಪ್ಪತ್ತೈದರ ವಯಸ್ಸಿನಲ್ಲಿ ಅರವತ್ತರ ವಿಧವೆಯ ಮನಸ್ಸು ಬರೆಯಲು ಆಗದೆ ಇದ್ದಿರಬಹುದು. ಈ ವರ್ಷಗಳಲ್ಲಿ ನೀವು ಸಾವು ನೋಡಿದ್ದೀರಿ, ಆಸ್ತಿ ಪಾಲು ನೋಡಿದ್ದೀರಿ, ಬ್ಯಾಂಕಿನ ಸಾಲ ಕಟ್ಟಿದ್ದೀರಿ. ಆ ಅಧ್ಯಾಯ ಈಗ ನಿಮಗೆ ದಕ್ಕುತ್ತದೆ.

ನಾಲ್ಕನೆಯದು ಚೀಟಿಯಲ್ಲಿ ಕಾಣುವುದಿಲ್ಲ. ಮನೆಯವರು ಯಾರೋ ಓದಿ ಗುರುತು ಹಿಡಿಯುತ್ತಾರೆ ಎಂಬ ಭಯ. ಎಷ್ಟೋ ಕಾದಂಬರಿ ಇದರಿಂದಲೇ ನಿಂತಿವೆ ಎಂದು ನನ್ನ ನಂಬಿಕೆ. ಇಷ್ಟು ವರ್ಷದಲ್ಲಿ ಆ ವ್ಯಕ್ತಿ ಈಗ ಇಲ್ಲದೆ ಇರಬಹುದು, ಅಥವಾ ನಿಮ್ಮ ಸಿಟ್ಟು ಇಳಿದಿರಬಹುದು. ಬದುಕಿದ್ದರೆ ಊರು, ಕಸುಬು, ಸಂಬಂಧ ಮೂರನ್ನೂ ಬದಲಿಸಿ. ಹೆಸರು ಮಾತ್ರ ಬದಲಿಸಿದರೆ ಸಾಲದು, ನೆಂಟರು ಹೆಸರಿಂದ ಗುರುತು ಹಿಡಿಯುವುದಿಲ್ಲ. ಸಂಬಂಧ ಬದಲಿಸಿದಾಗ ಪಾತ್ರಕ್ಕೆ ತನ್ನದೇ ನಡೆ ಬರುತ್ತದೆ, ಅದು ಕಥೆಗೂ ಒಳ್ಳೆಯದು.

4. ಏನು ಮಾಡುವುದು ಎಂದು ತೀರ್ಮಾನಿಸಿ

ಮೂರು ದಾರಿ ಇದೆ. ತಪ್ಪಿದ ಜಾಗಕ್ಕೆ ಹಿಂತಿರುಗಿ ಅಲ್ಲಿಂದ ಮುಂದೆ ಬರೆಯುವುದು ಒಂದು. ಎಲ್ಲ ಬದಿಗಿಟ್ಟು ಅದೇ ಪಾತ್ರಗಳೊಂದಿಗೆ ಮೊದಲ ಸಾಲಿನಿಂದ ಶುರು ಮಾಡುವುದು ಇನ್ನೊಂದು. ಕಾದಂಬರಿಯ ಆಸೆ ಬಿಟ್ಟು, ಜೀವ ಇರುವ ಭಾಗವನ್ನು ಕಥೆಯೋ ನೀಳ್ಗತೆಯೋ ಮಾಡುವುದು ಮತ್ತೊಂದು.

ನನ್ನ ಸಲಹೆ ಇದು. ತೊಡಕು ನಡುಭಾಗದ ನಂತರ ಇದ್ದರೆ ಮೊದಲ ದಾರಿ. ತೊಡಕು ಮೊದಲ ಮೂರು ನಾಲ್ಕು ಅಧ್ಯಾಯದಲ್ಲೇ ಇದ್ದರೆ, ಅಥವಾ ಕಥೆ ಯಾರ ಬಾಯಲ್ಲಿ ಬರಬೇಕು ಎಂಬುದೇ ತಪ್ಪಾಗಿದ್ದರೆ ಎರಡನೆಯದು. ನೆನಪಿನ ಹಾಳೆಯಲ್ಲಿ ಒಂದೇ ಪ್ರಸಂಗ ಉಳಿದಿದ್ದರೆ ಮೂರನೆಯದು. ಮೂರನೆಯದನ್ನು ಸೋಲು ಎಂದುಕೊಳ್ಳಬೇಡಿ. ಇನ್ನೂರು ಪುಟದ ಒಳಗೆ ನಲವತ್ತು ಪುಟದ ಗಟ್ಟಿ ನೀಳ್ಗತೆ ಇದ್ದರೆ ಅದು ಅಪರೂಪದ ಭಾಗ್ಯ.

ಸರೋಜಮ್ಮನಿಗೆ ಮೊದಲ ದಾರಿ. ಹನ್ನೊಂದನೇ ಅಧ್ಯಾಯದಲ್ಲಿ ಅವಳು ಒಪ್ಪುವುದಿಲ್ಲ. ಹನ್ನೆರಡು, ಹದಿಮೂರು, ಹದಿನಾಲ್ಕು ಹೋದವು. ಹೋಗಲಿ. ಬೇರೆ ಫೈಲಿನಲ್ಲಿ ಇಟ್ಟರೆ ಆಯಿತು, ಅಳಿಸುವುದು ಬೇಕಿಲ್ಲ.

5. ಕಥೆ ಯಾವ ಕಾಲದ್ದು?

ಬರೆದಾಗ ಅದು 'ಈಗಿನ' ಕಥೆ. ನೀವು ಸುಮ್ಮನಿದ್ದಾಗ ಅದು ಹಳೆಯ ಕಾಲದ ಕಥೆ ಆಗಿಬಿಟ್ಟಿದೆ. ಇದನ್ನು ಗಮನಿಸದೆ ಮುಂದುವರಿಸಿದರೆ ಮೊದಲ ಹತ್ತು ಅಧ್ಯಾಯದಲ್ಲಿ ಮಗ ಒಂದು ರೂಪಾಯಿ ಕಾಯಿನ್ ಬಾಕ್ಸಿಂದ ಫೋನ್ ಮಾಡುತ್ತಾನೆ, ಹನ್ನೊಂದರಲ್ಲಿ ವಿಡಿಯೋ ಕಾಲ್ ಮಾಡುತ್ತಾನೆ.

2005ರಲ್ಲೇ ಬಿಡುವುದಾ, ಇವತ್ತಿಗೆ ತರುವುದಾ? ಸಾಧ್ಯವಾದರೆ ಅಲ್ಲೇ ಬಿಡಿ ಎನ್ನುತ್ತೇನೆ. ಮೇಲ್ನೋಟಕ್ಕೆ ಫೋನ್ ಬದಲಿಸಿದರೆ ಸಾಕು ಅನ್ನಿಸುತ್ತದೆ. ಆದರೆ ತಾಯಿ ಮಗನ ನಡುವಿನ ತಪ್ಪು ತಿಳುವಳಿಕೆ ಮೂರು ದಿನ ಫೋನ್ ಸಿಗದೆ ಇದ್ದುದರಿಂದ ಹುಟ್ಟಿದ್ದಾದರೆ, ಇವತ್ತಿಗೆ ತಂದ ಕೂಡಲೇ ಆ ಗಂಟು ಸಡಿಲವಾಗುತ್ತದೆ. ಕಥೆಯ ಬುಡವೇ ಅಲುಗಾಡುತ್ತದೆ.

ಅಲ್ಲೇ ಬಿಡುವುದಾದರೆ ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ಬರೆದಿಟ್ಟುಕೊಳ್ಳಿ. ನಮ್ಮ ನೆನಪು ಇಲ್ಲಿ ಮೋಸ ಮಾಡುತ್ತದೆ. ಕೆಲವು ಗುರುತು ಕೈಯಲ್ಲಿರಲಿ. ಬೆಂಗಳೂರಿನ ಪ್ರಯಾಣಿಕರ ವಿಮಾನ 2008ರ ಮೇ ತನಕ ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿತ್ತು, ದೇವನಹಳ್ಳಿ ಆಮೇಲೆ. ನಮ್ಮ ಮೆಟ್ರೋದ ಮೊದಲ ರೈಲು 2011ರ ಅಕ್ಟೋಬರ್‌ನಲ್ಲಿ. ಟೆಲಿಗ್ರಾಂ ಸೇವೆ 2013ರ ಜುಲೈವರೆಗೂ ಇತ್ತು. ಹಳೆಯ ಐನೂರು, ಸಾವಿರದ ನೋಟು 2016ರ ನವೆಂಬರ್ 8ರ ರಾತ್ರಿ ರದ್ದಾದವು. ರಾಮನಗರ, ಚಿಕ್ಕಬಳ್ಳಾಪುರ 2007ರಲ್ಲಿ ಜಿಲ್ಲೆಗಳಾದವು. ಬಿಜಾಪುರ, ಗುಲ್ಬರ್ಗಾ ಸರ್ಕಾರಿ ಬೋರ್ಡಿನಲ್ಲಿ ವಿಜಯಪುರ, ಕಲಬುರಗಿ ಆದದ್ದು 2014ರ ನವೆಂಬರ್ 1ರಿಂದ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಕಥೆಯಲ್ಲಿ ಬರುವುದಾದರೆ 2006 ಅಥವಾ 2018ರ ಫೆಬ್ರವರಿಗೆ ಹೊಂದಬೇಕು. ತೆಂಗಿನ ಕಥೆಗೆ ಇನ್ನೊಂದು ಇದೆ: ಕೇರಳದಲ್ಲಿ 1998ರಲ್ಲಿ ಕಾಣಿಸಿದ ನುಸಿಪೀಡೆ ಆಮೇಲೆ ನಮ್ಮ ತೋಟಗಳಿಗೂ ಬಂತು. ಕಾಯಿ ಸಣ್ಣದಾಗಿ ಸಿಪ್ಪೆ ಸೀಳಿಕೊಂಡ ಆ ವರ್ಷಗಳನ್ನು ಬಿಟ್ಟು 2005ರ ಸಾಲದ ಕಥೆ ಹೇಳಲು ಆಗುವುದಿಲ್ಲ.

ಪದಗಳಿಗೂ ಕಾಲ ಇದೆ. 2005ರ ಪಾತ್ರದ ಬಾಯಲ್ಲಿ 'ಲಾಕ್‌ಡೌನ್', 'ರೀಲ್ಸ್' ಬರಬಾರದು ಎಂದು ಎಲ್ಲರಿಗೂ ಗೊತ್ತು. 'ಲೊಕೇಶನ್ ಕಳಿಸು' ಎಂಬಂಥ ಮಾತು ಮಾತ್ರ ಮೆಲ್ಲಗೆ ನುಸುಳುತ್ತದೆ. ಹಾಗೆಂದು ಪ್ರತಿ ಪುಟದಲ್ಲೂ ಎಸ್‌ಟಿಡಿ ಬೂತು, ಕ್ಯಾಸೆಟ್ಟು ಜೋಡಿಸಿ ಕಾಲ ತೋರಿಸಲು ಹೋಗಬೇಡಿ. ಆಗ ಬದುಕಿದ್ದವರಿಗೆ ಅವು ಕಣ್ಣಿಗೇ ಬೀಳುತ್ತಿರಲಿಲ್ಲ, ಅಲ್ವಾ?

ಜೊತೆಗೆ ಒಂದು ನೋಟ್ ಪುಸ್ತಕದಲ್ಲಿ ಪಾತ್ರಗಳ ಹುಟ್ಟಿದ ವರ್ಷ, ಮನೆಯ ನಕ್ಷೆ, ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂದು ಬರೆದಿಡಿ. ಮೈದುನ ಮೂರನೇ ಅಧ್ಯಾಯದಲ್ಲಿ 'ಅತ್ತಿಗೆ' ಎಂದು ಕರೆದವನು ಹದಿನೆಂಟರಲ್ಲಿ 'ಅಕ್ಕ' ಎಂದರೆ ಓದುವವರು ಹೊಸ ಸಂಬಂಧ ಹುಡುಕುತ್ತಾರೆ.

6. ಆ ಊರಿಗೆ ಹೋಗಬೇಕಾ?

ಎಲ್ಲರೂ ಹೋಗಿ ಎನ್ನುತ್ತಾರೆ. ನಾನು ಸ್ವಲ್ಪ ತಡೆದು ಹೋಗಿ ಎನ್ನುತ್ತೇನೆ. ಇಂಗ್ಲೆಂಡಿನ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1912ರಲ್ಲಿ ಭಾರತಕ್ಕೆ ಬಂದು ಹಿಂತಿರುಗಿದ ಮೇಲೆ 'ಎ ಪ್ಯಾಸೇಜ್ ಟು ಇಂಡಿಯಾ' ಶುರು ಮಾಡಿದರು. ಕೆಲವು ಅಧ್ಯಾಯಕ್ಕೆ ನಿಂತಿತು. 1921ರಲ್ಲಿ ದೇವಾಸ್ ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿ ಮತ್ತೆ ಬಂದಾಗ ಮುಂದುವರಿಸೋಣ ಎಂದು ಆ ಅಧ್ಯಾಯಗಳನ್ನು ಜೊತೆಗೇ ತಂದಿದ್ದರು. ಆಗಲಿಲ್ಲ. ಕಣ್ಣೆದುರಿನ ದೇಶದ ಮುಂದೆ ಹಾಳೆಯ ಮೇಲಿನ ದೇಶ ಬಾಡಿ ಸತ್ತಂತೆ ಕಂಡಿತು ಎಂದು ಮುಂದೆ ಅವರೇ ಬರೆದುಕೊಂಡರು. ಇಂಗ್ಲೆಂಡಿಗೆ ಹೋದ ಮೇಲೆ ಬರವಣಿಗೆ ಮತ್ತೆ ಸಾಗಿ, 1924ರಲ್ಲಿ ಪುಸ್ತಕ ಬಂತು.

ನಿಮ್ಮ 2005ರ ತಿಪಟೂರು ಈಗಿನ ತಿಪಟೂರಿನಲ್ಲಿ ಇಲ್ಲ. ಮೊದಲು ನೆನಪಿನಿಂದ ಬರೆಯಿರಿ. ಅನುಮಾನ ಬಂದ ಕಡೆ ಚೌಕ ಕಂಸದಲ್ಲಿ 'ಇದು ಕೇಳಬೇಕು' ಎಂದು ಗುರುತು ಹಾಕಿ ಮುಂದೆ ಹೋಗಿ. ಕರಡು ಮುಗಿದ ಮೇಲೆ ಆ ಗುರುತುಗಳ ಪಟ್ಟಿ ಹಿಡಿದು ಊರಿಗೆ ಹೋಗಿ, ಮಂಡಿಯ ಹಿರಿಯರ ಹತ್ತಿರ ಕೂತು ಕೇಳಿ. 'ಆಗ ಹೇಗಿತ್ತು' ಎಂದು ಸುಮ್ಮನೆ ಕೇಳಿದರೆ ಎರಡು ಮಾತು ಸಿಗುತ್ತದೆ. 'ಕಾಯಿ ಅಟ್ಟದಿಂದ ಇಳಿಸೋರಿಗೆ ಕೂಲಿ ಯಾರು ಕೊಡ್ತಿದ್ರು' ಎಂದು ಕೇಳಿದರೆ ಒಂದು ಗಂಟೆ ಮಾತು ಸಿಗುತ್ತದೆ.

7. ದನಿ ಮತ್ತೆ ಹಿಡಿಯಿರಿ

ಇಷ್ಟು ವರ್ಷದಲ್ಲಿ ನಿಮ್ಮ ಕನ್ನಡ ಬದಲಾಗಿದೆ. ಆಗ 'ಅವಳ ನಯನಗಳು ಸಜಲವಾದವು' ಎಂದು ಬರೆದವರು ಈಗ 'ಕಣ್ಣು ತುಂಬಿತು' ಎನ್ನುತ್ತೀರಿ. ಹಳೆಯ ದನಿಯನ್ನು ಹಾಗೇ ಅನುಕರಿಸಲು ಹೋದರೆ ಬರವಣಿಗೆ ಬಿಗಿಯುತ್ತದೆ. ಹಳೆಯ ಪುಟಗಳಲ್ಲಿ ಅತಿ ಚೆನ್ನಾಗಿರುವ ಮೂರು ನಾಲ್ಕನ್ನು ಕೈಯಲ್ಲಿ ನಕಲು ಮಾಡಿ. ಟೈಪ್ ಬೇಡ, ಕೈಯಲ್ಲೇ. ವಾಕ್ಯದ ಉದ್ದ, ಉಸಿರು ಮತ್ತೆ ಒಳಗೆ ಬರುತ್ತದೆ. ಆಮೇಲೆ ಕಾದಂಬರಿಗೆ ಬೇಡವೇ ಬೇಡದ ಒಂದು ದೃಶ್ಯ ಬರೆಯಿರಿ. ಸರೋಜಮ್ಮ ಅರಸೀಕೆರೆಗೆ ಮದುವೆಗೆ ಹೋಗಿ ರೈಲಿಗೆ ಕಾಯುವುದು, ಪಕ್ಕದವಳ ಜೊತೆ ಮಾತಾಡುವುದು. ಅವಳು ನಿಮ್ಮನ್ನು ಕೇಳದೆ ಮಾತಾಡಲು ಶುರು ಮಾಡುವ ತನಕ ಇಂಥವು ಎರಡು ಮೂರು ಬರೆಯಿರಿ. ಆಮೇಲೆ ಹನ್ನೊಂದನೇ ಅಧ್ಯಾಯಕ್ಕೆ ಬನ್ನಿ.

8. ಮುಗಿಯುವ ತನಕ ಹಿಂದೆ ನೋಡಬೇಡಿ

ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಅದೇ ಹೊತ್ತು, ಅದೇ ಜಾಗ. ನಿಲ್ಲಿಸುವಾಗ ಮರುದಿನದ ಮೊದಲ ವಾಕ್ಯ ಏನೆಂದು ಕೆಳಗೆ ಬರೆದಿಟ್ಟು ಏಳಿ. ಹಳೆಯ ಹತ್ತು ಅಧ್ಯಾಯ ತಿದ್ದುವ ಆಸೆ ಬಂದೇ ಬರುತ್ತದೆ. ತಡೆಯಿರಿ. ಕೊನೆ ಗೊತ್ತಾದ ಮೇಲೆ ಮಾತ್ರ ಮೊದಲು ಹೇಗಿರಬೇಕು ಎಂದು ಗೊತ್ತಾಗುತ್ತದೆ. ಹನ್ನೊಂದರಲ್ಲಿ ಸರೋಜಮ್ಮನ ತಂಗಿ ಬೇಕು ಅನ್ನಿಸಿದರೆ, ಅವಳು ಮೊದಲಿಂದಲೂ ಇದ್ದಾಳೆ ಎಂಬಂತೆ ಬರೆದು ಮುಂದೆ ಹೋಗಿ. ಎರಡನೇ ಅಧ್ಯಾಯಕ್ಕೆ ಅವಳನ್ನು ಸೇರಿಸುವ ಕೆಲಸ ಆಮೇಲೆ.

9. ಹಳೆಯದನ್ನು ಹೊಸದಕ್ಕೆ ಸೇರಿಸಿ

ಕರಡು ಮುಗಿಯಿತು. ಈಗ ಹಳೆಯ ಹತ್ತು ಅಧ್ಯಾಯದ ಸರದಿ. ಅಲ್ಲಿ ಇಲ್ಲಿ ತೇಪೆ ಹಾಕಿದರೆ ಎರಡು ಕೈ ಬರೆದದ್ದು ಎಂದು ಕಾಣುತ್ತದೆ. ನನಗೆ ಸರಿ ಎನಿಸುವ ಕ್ರಮ ಇದು: ಒಂದು ಹಳೆಯ ಅಧ್ಯಾಯವನ್ನು ಸಂಜೆ ಓದಿ, ಮುಚ್ಚಿಟ್ಟು, ಬೆಳಿಗ್ಗೆ ನೋಡದೆ ಮತ್ತೆ ಬರೆಯಿರಿ. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ಹಳೆಯದರಲ್ಲಿ ಮಾತ್ರ ಇರುವ ಒಳ್ಳೆಯ ಸಾಲುಗಳನ್ನು ವಾಪಸ್ ತನ್ನಿ. ಅಂಥ ಸಾಲು ಇದ್ದೇ ಇರುತ್ತವೆ. ಇಪ್ಪತ್ತೈದರಲ್ಲಿ ಇದ್ದ ಧೈರ್ಯ ಕೆಲವು ವಾಕ್ಯಗಳಲ್ಲಿ ಹಾಗೇ ಉಳಿದಿರುತ್ತದೆ. ಅದನ್ನು ಈಗಿನ ಜಾಣತನ ಸವೆಸಬಾರದು.

10. ಒಬ್ಬರಿಗೆ ಓದಲು ಕೊಡಿ

ಹಳೆಯ ಕರಡು ಓದಿದ್ದ ಗೆಳೆಯರು ಬೇಡ. ಅವರಿಗೆ ಕಥೆ ಗೊತ್ತು. ಹೊಸಬರೊಬ್ಬರಿಗೆ ಕೊಟ್ಟು, 'ಹೇಗಿದೆ' ಎನ್ನುವ ಬದಲು ಎರಡು ಪ್ರಶ್ನೆ ಕೇಳಿ: ಎಲ್ಲಿ ಓದು ನಿಲ್ಲಿಸಬೇಕು ಅನ್ನಿಸಿತು, ಯಾವ ಭಾಗ ಬೇರೆ ಕಾಲದಲ್ಲಿ ಬರೆದದ್ದು ಅನ್ನಿಸಿತು. ಎರಡನೇ ಪ್ರಶ್ನೆಗೆ ಅವರು ಹಳೆಯ ಅಧ್ಯಾಯಗಳನ್ನೇ ಸರಿಯಾಗಿ ತೋರಿಸಿದರೆ ಅವಷ್ಟನ್ನು ಇನ್ನೊಮ್ಮೆ ಬರೆಯಬೇಕು. ಪ್ರಕಾಶಕರಿಗೆ ಕಳಿಸುವ ಮುಂಚೆ, ಇದರ ಯಾವುದಾದರೂ ಭಾಗ ಆ ದಿನಗಳಲ್ಲಿ ಬಿಡಿ ಕಥೆಯಾಗಿ ಯಾವುದಾದರೂ ಪತ್ರಿಕೆಯಲ್ಲಿ ಅಚ್ಚಾಗಿತ್ತಾ ಎಂದು ನೋಡಿಕೊಳ್ಳಿ. ಆಗಿದ್ದರೆ ಪತ್ರಿಕೆಯ ಹೆಸರು, ಸಂಚಿಕೆಯ ತಿಂಗಳು ಬರೆದು ಹಸ್ತಪ್ರತಿಯ ಜೊತೆಗೇ ತಿಳಿಸಿ.